ಪೆಡಲಮ್ಮನ ಲೈಸೆನ್ಸು

ನಮ್ಮಕ್ಕ ತುಳಿಯದ ಕ್ಲಚ್ಚಿಲ್ಲ, ಓಡಿಸಿದ ಗಾಡಿ ಒಂದೂ ಇಲ್ಲ. ಅಕ್ಕನ ಬಗ್ಗೆ ಯಾರಾದರೂ ಕೇಳಿದರೆ ಮೊನ್ನೆ ಮೊನ್ನೆಯವರೆಗೂ ನಾನು ಇಷ್ಟೇ ಹೇಳುತ್ತಿದ್ದೆ. ಕೇಳಿದವರು ನಗುತ್ತಿದ್ದರು, ಅಕ್ಕ ಮುಖ ಊದಿಸಿಕೊಳ್ಳುತ್ತಿದ್ದಳು. ನಾನು ಅವಳ ಒಡಹುಟ್ಟಿದ ತಂಗಿ. ಅವಳನ್ನು ರೇಗಿಸುವ ಹಕ್ಕು ನನಗಲ್ಲದೆ ಇನ್ಯಾರಿಗಿದೆ?

ಭಾವ ಗಾಡಿ ಮೆಕ್ಯಾನಿಕ್. ಅವರ ಗ್ಯಾರೇಜೆಂದರೆ ತಗಡಿನ ಚಾವಣಿ, ನಡುವೆ ಇಳಿದು ಕೆಲಸ ಮಾಡಲು ಒಂದು ಗುಂಡಿ, ಗೋಡೆ ತುಂಬ ಮೊಳೆ, ಮೊಳೆಗೊಂದು ಸ್ಪ್ಯಾನರ್. ಪಕ್ಕದ ಕೋಣೆಯಲ್ಲಿ ನಾನು ಗಾಡಿಗಳ ಸೀಟ್ ಕವರ್ ಹೊಲಿಯುತ್ತೇನೆ. ನಡುವಿನ ಗೋಡೆಯಲ್ಲಿ ಬಾಗಿಲಿಲ್ಲದ ಒಂದು ಕಿಟಕಿ. ಅಕ್ಕ ಭಾವನ ಸಂಸಾರವೆಲ್ಲ ನನಗೆ ಆ ಕಿಟಕಿಯಲ್ಲೇ ಕಾಣುತ್ತಿತ್ತು. ನೋಡಬಾರದು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ, ಆದರೆ ಹೊಲಿಗೆ ಮೆಷಿನ್ನನ್ನು ತಿರುಗಿಸಿ ಇಟ್ಟುಕೊಂಡರೆ ಬೆಳಕು ಸಾಲದು.

ಭಾವನಿಗೆ ಕೈಕೆಳಗೆ ಯಾರೂ ನಿಲ್ಲುತ್ತಿರಲಿಲ್ಲ. ಕೋಪ ಅವರಿಗೆ ಮೂಗಿನ ತುದಿಯಲ್ಲೇ ಇತ್ತು. ಬೆಳಿಗ್ಗೆ ಸೇರಿದವನು ಮಧ್ಯಾಹ್ನ ಊಟಕ್ಕೆ ಹೋದರೆ ವಾಪಸ್ಸು ಬರುತ್ತಿರಲಿಲ್ಲ. ಮಿಕ್ಕ ಕೆಲಸವನ್ನೆಲ್ಲ ಒಬ್ಬರೇ ಹೇಗೋ ಮಾಡಿಕೊಳ್ಳುತ್ತಿದ್ದರು, ಆದರೆ ಕ್ಲಚ್ಚಿನ ಏರ್ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಪೆಡಲ್ ಒತ್ತಿದರೆ ಮೇಲಿನ ಸಿಲಿಂಡರಿನಿಂದ ಆಯಿಲ್ ಸಣ್ಣ ಪೈಪಿನಲ್ಲಿ ಹರಿದು ಕೆಳಗಿನ ಸಿಲಿಂಡರನ್ನು ತಳ್ಳುತ್ತದೆ, ಅದು ಕ್ಲಚ್ಚನ್ನು ಬಿಡಿಸುತ್ತದೆ. ಆ ಆಯಿಲಿನ ನಡುವೆ ಒಂದಿಷ್ಟು ಗಾಳಿ ಸೇರಿಕೊಂಡಿತೋ, ಪೆಡಲ್ ಸುಮ್ಮನೆ ನೆಲ ಕಚ್ಚುತ್ತದೆ, ಗೇರ್ ಬೀಳುವುದಿಲ್ಲ. ಗಾಳಿ ಹೊರಗೆ ಹಾಕಬೇಕಾದರೆ ಮೇಲೆ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗೆ ಇನ್ನೊಬ್ಬರು ಗಾಳಿ ಬಿಡುವ ತಿರುಪನ್ನು, ಅಂದರೆ ಏರ್ ನಿಪ್ಪಲ್ಲನ್ನು, ಸಡಿಲಿಸಬೇಕು. ಗುಳ್ಳೆ ಗುಳ್ಳೆಯಾಗಿ ಆಯಿಲ್ ಹೊರಗೆ ಬಂದ ಮೇಲೆ ನಿಪ್ಪಲ್ ಬಿಗಿಯಬೇಕು. ಬಿಗಿದ ನಂತರವೇ ಪೆಡಲ್ ಬಿಡಬೇಕು. ಅದಕ್ಕೆ ಮೊದಲೇ ಕಾಲು ತೆಗೆದರೆ ಹೋದ ಗಾಳಿ ಹೋದ ದಾರಿಯಲ್ಲೇ ಒಳಗೆ ಬಂದು ಕೂತುಕೊಳ್ಳುತ್ತದೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹೀಗಾಗಿ ಅಕ್ಕ ಪೆಡಲಿಗೆ ಬಂದಳು. ಮದುವೆಯಾದ ಹೊಸದರಲ್ಲಿ ಒಂದು ದಿನ 'ಸ್ವಲ್ಪ ಬಂದು ಇದನ್ನ ಒತ್ತು' ಅಂತ ಕರೆದಿದ್ದರಂತೆ. ಆ 'ಸ್ವಲ್ಪ' ತಲೆ ನರೆಯುವವರೆಗೂ ಮುಗಿಯಲಿಲ್ಲ. ಡ್ರೈವರುಗಳೆಲ್ಲ ಸೇರಿ ಅವಳಿಗೆ ಪೆಡಲಮ್ಮ ಅಂತ ಹೆಸರಿಟ್ಟರು. ಗುಂಡಿಯೊಳಗಿಂದ ಭಾವ "ಒತ್ತು" ಅನ್ನುತ್ತಿದ್ದರು, ಮೇಲಿನಿಂದ ಅಕ್ಕ "ಒತ್ತಿದೆ" ಅನ್ನುತ್ತಿದ್ದಳು. "ಹಿಡಿ." "ಹಿಡಿದಿದೀನಿ." "ಬಿಡು." "ಬಿಟ್ಟೆ." ಮನೆಯಲ್ಲಿ ಇಬ್ಬರೂ ಕಾಲು ಕೆರೆದು ಜಗಳಕ್ಕೆ ನಿಂತು ಮಾತು ಬಿಟ್ಟ ದಿನಗಳಲ್ಲೂ ಈ ಆರು ಮಾತು ತಪ್ಪುತ್ತಿರಲಿಲ್ಲ. ಆ ದಿನಗಳಲ್ಲಿ "ಬಿಟ್ಟೆ" ಅನ್ನುವುದನ್ನು ಅಕ್ಕ ಹೇಳುವ ರೀತಿಯೇ ಬೇರೆ, ಗಂಡನನ್ನೇ ಬಿಟ್ಟವಳ ಹಾಗೆ.

ಬಿಡು ಅನ್ನುವವರೆಗೆ ಬಿಡಬಾರದು. ಭಾವ ಅವಳಿಗೆ ಕಲಿಸಿದ ಪಾಠ ಇದೊಂದೇ, ಕಲಿತ ಮೇಲೆ ಅವಳು ಅದನ್ನು ಎಂದೂ ಮೀರಲಿಲ್ಲ. ಒಂದು ಸಲ ಭಾವ ನಿಪ್ಪಲ್ ಬಿಗಿದು, ಬಿಡು ಅನ್ನುವುದನ್ನೇ ಮರೆತು, ಯಾರೋ ಕರೆದರು ಅಂತ ರಸ್ತೆಗೆ ಹೋಗಿ ಹರಟೆಗೆ ನಿಂತುಬಿಟ್ಟರು. ಅಕ್ಕ ಹಾಗೇ ಕೂತಿದ್ದಳು. ಮಡಿಲಲ್ಲಿ ಬಟಾಣಿ ಸುಲಿಯುತ್ತಿದ್ದಳು, ಕಾಲು ಮಾತ್ರ ಪೆಡಲಿನ ಮೇಲೆ ಗಟ್ಟಿಯಾಗಿ ಊರಿತ್ತು. "ತೆಗೆಯೇ, ಜೋಮು ಹಿಡಿಯುತ್ತೆ" ಅಂತ ನಾನು ಕಿಟಕಿಯಿಂದ ಕೂಗಿದರೆ, "ಅವರು ಹೇಳಿಲ್ಲ" ಅಂದಳು. ಭಾವ ಬರುವಷ್ಟರಲ್ಲಿ ಬಟಾಣಿ ಮುಗಿದಿತ್ತು. ಇಳಿದಾಗ ಕಾಲು ನೆಲಕ್ಕೆ ತಾಗುತ್ತಲೇ ಇಲ್ಲ ಅಂತ ಅವಳೂ ನಾನೂ ಬಿದ್ದು ಬಿದ್ದು ನಕ್ಕೆವು. ಭಾವ ಮಾತ್ರ ನಗಲಿಲ್ಲ, ಒಂದು ಕುರ್ಚಿ ತಂದುಕೊಟ್ಟು ಹೋದರು. ಅದು ಅವರ ಮಟ್ಟಿಗೆ ಕ್ಷಮೆ ಕೇಳಿದ ಹಾಗೆ.

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕಳೆದ ವರ್ಷ ಭಾವ ತಮ್ಮ ಪಿಕಪ್ ಗಾಡಿಯನ್ನು ಹಾಡುಹಗಲಲ್ಲಿ ತಮ್ಮದೇ ಗೇಟಿನ ಕಂಬಕ್ಕೆ ಗುದ್ದಿದರು. ಕಂಬಕ್ಕೂ ಬೈದರು. ಕಂಬ ಅಲ್ಲೇ ಇತ್ತಲ್ಲ ಭಾವ, ನೀವೇ ನಿಲ್ಲಿಸಿದ್ದು ಅಂದೆ. ಡಾಕ್ಟರು ನೋಡಿ, ಒಂದು ಕಣ್ಣು ಮೊದಲಿನಿಂದಲೂ ಮಂದ, ಇನ್ನೊಂದರಲ್ಲಿ ಪೊರೆ ಬಂದಿದೆ ಅಂದರು. ಪೊರೆ ತೆಗೆದರೂ ಇನ್ನು ಸ್ಟೀರಿಂಗ್ ಮುಟ್ಟುವ ಹಾಗಿಲ್ಲ ಅಂತಲೂ ಹೇಳಿದರು.

ಸ್ಟೀರಿಂಗ್ ಇಲ್ಲ ಅಂದರೆ ಗ್ಯಾರೇಜೂ ಇಲ್ಲ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳ ಹತ್ತಿರ ಪಿಕಪ್ಪಿನಲ್ಲಿ ಹೋಗಿ ರಿಪೇರಿ ಮಾಡುವುದೇ ಭಾವನ ಮುಖ್ಯ ಕೆಲಸ. ಅಂಗಡಿಗೇ ಗಾಡಿ ತರುವವರಿಗೆ ಹೆದ್ದಾರಿಯ ಹತ್ತಿರ ದೊಡ್ಡ ದೊಡ್ಡ ಗ್ಯಾರೇಜುಗಳಿವೆ. ಫೋನು ಬರುತ್ತಿತ್ತು, ಭಾವ "ಆಗಲ್ಲಪ್ಪ" ಅನ್ನುತ್ತಿದ್ದರು, ಮತ್ತೆ ಬರುತ್ತಿತ್ತು, ಮತ್ತೆ "ಆಗಲ್ಲಪ್ಪ". ಎದುರುಗಡೆಯ ಟೈರಿನಂಗಡಿಯವನಿಗೆ ಜಾಗದ ಮೇಲೆ ಮೊದಲಿನಿಂದಲೂ ಕಣ್ಣು. ಅವನು ದಿನಾ ಬಂದು ಭಾವನ ಆರೋಗ್ಯ ವಿಚಾರಿಸತೊಡಗಿದ.

"ಕೊಟ್ಟುಬಿಡೋಣ," ಅಂದರು ಭಾವ ಒಂದು ಬೆಳಿಗ್ಗೆ. "ಇಬ್ಬರೂ ಆರಾಮಾಗಿ ಮನೇಲಿರೋಣ."

"ನೀವಿರಿ," ಅಂದಳು ಅಕ್ಕ. "ಮನೇಲಿ ಕೂತು ಗೋಡೆ ನೋಡೋಕೆ ನನ್ನ ಕೈಲಾಗಲ್ಲ. ಗಾಡಿ ನಾನು ಓಡಿಸ್ತೀನಿ."

ನನ್ನ ಹೊಲಿಗೆ ಮೆಷಿನ್ನು ತಾನಾಗಿ ನಿಂತಿತು. ಭಾವ ನಗುತ್ತಾರೆ ಅಂದುಕೊಂಡೆ. ಅವರು "ಸರಿ, ಹತ್ತು" ಅಂದರು.

ಕಲಿಯುವ ಲೈಸೆನ್ಸು ಆಯಿತು, ದಿನಾ ಸಂಜೆ ಹಿಂದಿನ ಖಾಲಿ ಮೈದಾನದಲ್ಲಿ ಪಾಠ. ಭಾವ ಪಕ್ಕದಲ್ಲಿ ಕೂತು ಹೇಳಿಕೊಟ್ಟರು, ಅಕ್ಕ ಕಲಿತಳು. ಅವಳು ಎಷ್ಟು ಬೇಗ ಕಲಿತಳೆಂದರೆ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಪಿಕಪ್ಪು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಡುತ್ತಿತ್ತು. ಪರೀಕ್ಷೆಗೆ ಹೋಗುವಾಗ ನಾನೂ ಜೊತೆಗೆ ಹೋದೆ. ಭಾವ ಮತ್ತು ನಾನು ಬೇಲಿಯ ಆಚೆ ನಿಂತೆವು. ಪರೀಕ್ಷೆ ಮಾಡುವ ಸಾಹೇಬರು, ತೆಳ್ಳಗೆ, ಮರ್ಯಾದಸ್ತ ಮನುಷ್ಯ, ಅಕ್ಕನ ಪಕ್ಕ ಕೂತು "ಹೊರಡಿ" ಅಂದರು.

ಅಕ್ಕ ಕ್ಲಚ್ ಒತ್ತಿದಳು, ಮೊದಲನೇ ಗೇರ್ ಹಾಕಿದಳು, ಕೂತಳು. ಸಾಹೇಬರೂ ಕೂತರು. ದೇವರನ್ನು ನೆನೆಯುತ್ತಿರಬೇಕು ಪಾಪ ಅಂತ ಅವರು ಅಂದುಕೊಂಡಿರಬೇಕು. ಇಂಜಿನ್ನು ಗುರುಗುಡುತ್ತಿತ್ತು. ಬೇಲಿಯ ಹತ್ತಿರ ನಮಗೂ ಎಲ್ಲ ಮಾತು ಕೇಳಿಸುತ್ತಿತ್ತು.

"ಹೊರಡಿ ಅಂದೆನಲ್ಲಮ್ಮ?"

"ಹಿಡಿದಿದೀನಿ ಸಾರ್."

"ಏನು ಹಿಡಿದಿದೀರಿ?"

"ಕ್ಲಚ್ಚು ಸಾರ್."

"ಅಯ್ಯೋ, ಬಿಡಿ!" ಅಂದರು ಸಾಹೇಬರು. ಅಕ್ಕ ಬಿಟ್ಟಳು. ಅವರು ಎಷ್ಟು ಬೇಗ ಅಂದರೋ ಅಷ್ಟೇ ಬೇಗ ಬಿಟ್ಟಳು. ಪಿಕಪ್ಪು ಕಪ್ಪೆಯ ಹಾಗೆ ಒಂದು ಸಲ ನೆಗೆದು ಆಫಾಯಿತು. ಸಾಹೇಬರ ಕನ್ನಡಕ ಅವರ ಮಡಿಲಿಗೆ ಬಂತು. ಇನ್ನೊಂದು ಸಲ ಅವಕಾಶ ಕೊಟ್ಟರು, ಇನ್ನೊಂದು ಸಲವೂ ಹಾಗೇ. ಅಕ್ಕ ಬಿಡು ಅನ್ನುವುದಕ್ಕೆ ಕಾದಳು, ಸಾಹೇಬರು ಅವಳಿಗಾಗಿ ಕಾದರು. ಕೊನೆಗೆ, "ಅಭ್ಯಾಸ ಮಾಡ್ಕೊಂಡು ಬನ್ನಿ ತಾಯಿ" ಅಂತ ಇಳಿದುಹೋದರು.

ಆಗಲೇ ನನಗೆ ಹೊಳೆದದ್ದು. ಮೈದಾನದಲ್ಲಿ ಅಷ್ಟು ದಿನವೂ ಭಾವ ಪಕ್ಕದಲ್ಲಿ ಕೂತು, ತಮಗೇ ಗೊತ್ತಿಲ್ಲದೆ, "ಬಿ...ಡು" ಅಂತ ರಾಗವಾಗಿ ಎಳೆಯುತ್ತಿದ್ದರು. ಆ ರಾಗ ಎಷ್ಟು ಉದ್ದವೋ ಅಕ್ಕನ ಕಾಲು ಅಷ್ಟು ನಿಧಾನ. ಇಬ್ಬರಿಗೂ ಅದು ಎಂದಿನ ಅಭ್ಯಾಸ, ಇಬ್ಬರ ಗಮನಕ್ಕೂ ಬಂದಿರಲಿಲ್ಲ. ನಾನು ಇದನ್ನು ಹೇಳಿ ನಗತೊಡಗಿದೆ, ಭಾವನೂ ನಕ್ಕರು. ಅಕ್ಕ ನಗಲಿಲ್ಲ.

"ನನ್ನ ಕಾಲು ನನ್ನ ಮಾತು ಕೇಳಲ್ಲ ಕಣೇ ಪುಟ್ಟಿ," ಅಂದಳು. "ಅವರ ಮಾತೇ ಕೇಳುತ್ತೆ."

ಐವತ್ತು ದಾಟಿದ ನನ್ನನ್ನು ಅವಳೊಬ್ಬಳೇ ಪುಟ್ಟಿ ಅನ್ನುವುದು.

ಮಾರನೆಯ ದಿನದಿಂದ ಭಾವ ಮಾತಾಡದೆ ಪಾಠ ಹೇಳಿದರು. ಬಾಯಿ ತಡೆಯದು ಅಂತ ಕರವಸ್ತ್ರವನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತರು. ಅಕ್ಕ ಕಾದು, ಬೆವೆತು, ಕೊನೆಗೆ ಕಣ್ಣು ಮುಚ್ಚಿ ಬಿಟ್ಟರೆ ಗಾಡಿ ನೆಗೆದು ಆಫ್. ಸರಿಯಾಗಿ ಹೊರಟಿದ್ದು ಅಪರೂಪ. ಅಷ್ಟರಲ್ಲಿ ಭಾವನ ಕಣ್ಣಿನ ಆಪರೇಷನ್ ಬಂತು, ಪಾಠ ನಿಂತಿತು. ಆಪರೇಷನ್ ಚೆನ್ನಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದ ಭಾವನಿಗೆ ಬಗ್ಗಬಾರದು, ಭಾರ ಎತ್ತಬಾರದು ಅಂತ ಕಟ್ಟಪ್ಪಣೆಯಾಗಿತ್ತು. ಟೈರಿನಂಗಡಿಯವನು ಹಣ್ಣು ಹಿಡಿದು ನೋಡಲು ಬಂದ. "ಎರಡನೇ ಪರೀಕ್ಷೆ ಇದೆ," ಅಂದರು ಭಾವ ಅವನಿಗೆ. "ಅವಳು ಪಾಸಾದರೆ ಗ್ಯಾರೇಜು ನಮ್ಮದು, ಇಲ್ಲದಿದ್ದರೆ ಅವತ್ತೇ ಬೀಗದ ಕೈ ನಿನಗೆ." ಅವನು ಸಂತೋಷವಾಗಿ ಎದ್ದುಹೋದ. ಅವನಿಗೂ ಕಪ್ಪೆ ನೆಗೆತದ ಕತೆ ಗೊತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಅಕ್ಕ ಪಿಕಪ್ಪನ್ನು ಹೊರಗೆ ತೆಗೆಯಲು ಹತ್ತಿದಳು. ಕ್ಲಚ್ ಒತ್ತಿದ್ದೇ ಪೆಡಲ್ ಧೊಪ್ಪನೆ ತಳಕ್ಕೆ ಹೋಗಿ ಅಲ್ಲೇ ಮಲಗಿತು, ಮೇಲೆ ಏಳಲೇ ಇಲ್ಲ. ಪಾದದ ತುದಿಯಿಂದ ಎತ್ತಿ ಮತ್ತೆ ಒತ್ತಿದಳು, ಮತ್ತೆ ಹಾಗೇ. ಗೇರ್ ಹಾಕಲು ಹೋದರೆ ಕರಕರ ಅಂತು.

"ಕೆಳಗಿನ ಸಿಲಿಂಡರ್ ಹೋಗಿದೆ," ಅಂದರು ಭಾವ, ನೋಡದೆಯೇ. ಕುರ್ಚಿಯಲ್ಲಿ ಕುಸಿದು ಕೂತರು. "ಊರವರ ಕ್ಲಚ್ಚೆಲ್ಲ ಸರಿಮಾಡಿ ನನ್ನದೇ ಕೈ ಕೊಡ್ತು. ನಾನು ಬಗ್ಗೋ ಹಾಗಿಲ್ಲ. ಪರೀಕ್ಷೆ ಮಧ್ಯಾಹ್ನ. ಆಗಲ್ಲ ಕಣೇ. ಟೈರಿನವನಿಗೆ ಹೇಳಿಬಿಡ್ತೀನಿ."

ಅಕ್ಕ ಮೊಳೆಯಿಂದ ಭಾವನ ಹಳೇ ಕೋಟು ತೆಗೆದು ಹಾಕಿಕೊಂಡಳು. ಅದರ ತೋಳು ಅವಳ ಬೆರಳು ದಾಟುತ್ತಿತ್ತು, ಮಡಚಿದಳು. ಇಂಜಿನ್ ಆಫಿದ್ದ ಗಾಡಿಯನ್ನು ಅವಳು, ನಾನು, ರಸ್ತೆಯಲ್ಲಿ ಹೋಗುತ್ತಿದ್ದ ಇನ್ನಿಬ್ಬರು ಸೇರಿ ತಳ್ಳಿ ಗುಂಡಿಯ ಮೇಲೆ ನಿಲ್ಲಿಸಿದೆವು.

"ನಾನು ಇಳೀತೀನಿ," ಅಂದಳು. "ನೀವು ಮೇಲೆ ಕೂತು ಹೇಳಿ. ಪೆಡಲ್ ನೀವು ಒತ್ತಿ."

"ನಾನು ಒತ್ತಲಾ?" ಅಂದೆ ನಾನು, ಉತ್ಸಾಹ ತಡೆಯಲಾರದೆ.

"ನಿನ್ನದು ಹೊಲಿಗೆ ಮೆಷಿನ್ ಕಾಲಮ್ಮ," ಅಂದರು ಭಾವ. "ಟಕಟಕ ತುಳಿದುಬಿಡ್ತೀಯ. ನೀನು ಆಯಿಲ್ ಹಾಕು, ಮೇಲಿನ ಸಿಲಿಂಡರಿನ ಡಬ್ಬಿ ಖಾಲಿಯಾಗದ ಹಾಗೆ ನೋಡ್ಕೊ. ಬಣ್ಣದ ಮೇಲೆ ಚೆಲ್ಲಬೇಡ, ಬಣ್ಣ ತಿಂದುಹಾಕುತ್ತೆ."

ಅಕ್ಕ ಗುಂಡಿಗೆ ಇಳಿದಳು. ಭಾವ ಡ್ರೈವರ್ ಸೀಟಿನಲ್ಲಿ ಕೂತು ನೆಲದ ಕಡೆಗೆ ಮುಖ ಮಾಡಿ ಹೇಳುತ್ತಾ ಹೋದರು. ಪೈಪ್ ಬಿಚ್ಚು, ಎರಡು ಬೋಲ್ಟ್ ಇವೆ, ಎಡಗಡೇದು ಮೊದಲು. ಅವರಿಗೆ ಕಣ್ಣು ಬೇಕಿರಲಿಲ್ಲ, ಪ್ರತಿ ಬೋಲ್ಟೂ ತಲೆಯಲ್ಲೇ ಇತ್ತು. ಸಿಲಿಂಡರ್ ಹೊರಗೆ ಬಂತು. ರಬ್ಬರ್ ಟೋಪಿ ಒದ್ದೆ, ಒಳಗಿನ ಬಟ್ಟಲಿನಂಥ ರಬ್ಬರ್ ಕಪ್ಪಿನ ಅಂಚು ಒಂದು ಕಡೆ ಸವೆದು ಹರಿದಿತ್ತು, ಅಲ್ಲಿಂದಲೇ ಆಯಿಲ್ ಸೋರಿ ಗಾಳಿ ಹೊಕ್ಕಿದ್ದು.

"ಒಳಗೆ ಬೆರಳಾಡಿಸು. ಗೀರು ಏನಾದ್ರೂ ಸಿಗುತ್ತಾ?"

"ಇಲ್ಲ. ಮಗು ಕೆನ್ನೆ ಹಾಗಿದೆ."

"ಹಾಗಾದ್ರೆ ಬದುಕಿದ್ವಿ. ಕಪಾಟಲ್ಲಿ ಹೊಸ ರಬ್ಬರಿನ ಕಿಟ್ ಇದೆ. ಕಪ್ಪಿಗೆ ಬ್ರೇಕ್ ಆಯಿಲ್ ಸವರಿ ಹಾಕು. ಅಂಚು ಮಡಚದ ಹಾಗೆ."

ಅಕ್ಕ ಹಾಕಿದಳು. ಸಿಲಿಂಡರ್ ಜಾಗಕ್ಕೆ ಕೂರಿಸಿ, ಪೈಪ್ ಬಿಗಿದು, ಏರ್ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದಳು. ನಾನು ಮೇಲಿನ ಡಬ್ಬಿ ತುಂಬಿದೆ. ಗುಂಡಿಯಿಂದ ಅವಳ ದನಿ ಬಂತು.

"ಒತ್ತಿ!"

"ಒತ್ತಿದೆ," ಅಂದರು ಭಾವ.

"ಹಿಡೀರಿ!"

"ಹಿಡಿದಿ..." ಅಂದವರು, ಗುಂಡಿಯಲ್ಲಿ ಅವಳು ಸರಿಯಾಗಿ ಮಾಡುತ್ತಿದ್ದಾಳಾ ಅಂತ ಬಾಗಿಲಿನಿಂದ ಇಣುಕಲು ಹೋದರು. ಕಾಲು ಮೇಲೆ ಬಂತು. ಗುಳುಗುಳು ಅಂತ ಟ್ಯೂಬಿನಲ್ಲಿ ಆಯಿಲ್ ಹಿಂದಕ್ಕೆ ಓಡಿತು.

"ಬಿಡು ಅಂದ್ನಾ ನಾನು?" ಗುಂಡಿ ಗುಡುಗಿತು. "ಅಂದ್ನಾ? ಗಮನ ಎಲ್ಲಿದೆ? ಕಾಲು ಇದೆಯೋ ಮರದ ತುಂಡೋ? ಮತ್ತೆ ಒತ್ತು!"

ಭಾವ ಮೊದಮೊದಲು ಕಲಿಸುವಾಗ ಅವಳಿಗೆ ಬೈದಿದ್ದೆಲ್ಲ ಒಂದಕ್ಷರ ಬದಲಾಗದೆ ವಾಪಸ್ಸು ಬಂತು. ಅಕ್ಕ ಗಂಡನಿಗೆ ಏಕವಚನದಲ್ಲಿ 'ಒತ್ತು' ಅಂದದ್ದು ಅದೇ ಮೊದಲು. ಭಾವ ಬೈಯುತ್ತಾರೆ, ಇಳಿದುಹೋಗುತ್ತಾರೆ ಅಂತ ನನ್ನ ಲೆಕ್ಕ. ಅವರು ಸೀಟಿನಲ್ಲಿ ನೆಟ್ಟಗೆ ಕೂತರು. "ಒತ್ತಿದೆ," ಅಂದರು ಮೆತ್ತಗೆ, ಮತ್ತೆ ಭುಜ ಕುಣಿಸುತ್ತಾ ನಗತೊಡಗಿದರು. ನಗುವಿಗೆ ಕಾಲು ಮತ್ತೆ ಮೇಲೆ ಬಂತು. ಮತ್ತೆ ಗುಳುಗುಳು, ಮತ್ತೆ ಬೈಗಳು. ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿ ಕೈಯಲ್ಲಿದ್ದ ಆಯಿಲ್ ಕ್ಯಾನು ಕೆಳಗಿಡಬೇಕಾಯಿತು. ಗುಂಡಿಯೊಳಗೆ ಅಕ್ಕನೂ ನಗುತ್ತಿದ್ದಳು. ಅದಕ್ಕೆ ಮೊದಲು ನಾವು ಮೂವರೂ ಒಟ್ಟಿಗೆ ಹಾಗೆ ನಕ್ಕಿದ್ದು ನನಗೆ ನೆನಪೇ ಇಲ್ಲ.

ಆಮೇಲೆ ಕೆಲಸ ಹದಕ್ಕೆ ಬಂತು. ಒತ್ತು, ಹಿಡಿ, ಬಿಡು. ಗುಳ್ಳೆ ದೊಡ್ಡದಿದ್ದದ್ದು ಸಣ್ಣದಾಯಿತು, ಸಾಸಿವೆಯಷ್ಟಾಯಿತು, ನಿಂತಿತು. ಟ್ಯೂಬಿನಲ್ಲಿ ಬರೀ ಆಯಿಲ್. "ಗಟ್ಟಿಯಾಯ್ತು ಕಣೇ!" ಅಂತ ಭಾವ ಪೆಡಲ್ ತುಳಿದು ಕೂಗಿದರು, ಜೀವಮಾನದಲ್ಲಿ ಮೊದಲ ಸಲ ಗಟ್ಟಿ ಪೆಡಲ್ ಕಂಡವರ ಹಾಗೆ. ಅವರ ಮಟ್ಟಿಗೆ ಅದು ನಿಜವೂ ಹೌದು. ಗಟ್ಟಿಯಾಗುವ ಗಳಿಗೆ ಯಾವಾಗಲೂ ಅಕ್ಕನ ಪಾದಕ್ಕೇ ಸಿಗುತ್ತಿದ್ದದ್ದು.

ಅಕ್ಕ ಮಾತ್ರ ಮೇಲೆ ಬರಲಿಲ್ಲ. "ಇನ್ನೊಂದ್ಸಲ ಒತ್ತಿ. ಈಗ ಮೆಲ್ಲಗೆ ಬಿಡಿ. ಇನ್ನೂ ಮೆಲ್ಲಗೆ. ನಿಲ್ಲಿ! ಹೂಂ, ಈಗ ಬಿಡಿ." ಮತ್ತೆ ಮತ್ತೆ ಮಾಡಿಸಿದಳು. ನಾನು ಬಗ್ಗಿ ನೋಡಿದೆ. ಸಿಲಿಂಡರಿನ ಸಣ್ಣ ಕಡ್ಡಿ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಅಕ್ಕ ಕಣ್ಣು ಕೀಲಿಸಿ ಅದನ್ನೇ ನೋಡುತ್ತಿದ್ದಳು.

"ಇಷ್ಟೇ ಇಷ್ಟು ಕಣೇ ಪುಟ್ಟಿ," ಅಂದಳು, ಬೆರಳ ತುದಿ ತೋರಿಸಿ. "ನಾನು ಇಷ್ಟು ವರ್ಷ ಒತ್ತಿದ್ದು ಇದನ್ನ. ಇದು ಯಾವಾಗ ಹಿಂದೆ ಬರಬೇಕು ಅಂತ ಈಗ ನಾನೇ ಹೇಳ್ತಿದೀನಿ ನೋಡು."

ಮಧ್ಯಾಹ್ನ ಪರೀಕ್ಷೆಯ ಅದೇ ಜಾಗ, ಅದೇ ಬೇಲಿ, ಅದೇ ಸಾಹೇಬರು. ಅವರು ಈ ಸಲ ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಮುಂದಿನ ಹಿಡಿಕೆ ಹಿಡಿದು, "ಹೊರಡಿ" ಅಂದರು. ಬೇಲಿಯ ಹತ್ತಿರ ಭಾವ ನನ್ನ ತೋಳು ಹಿಡಿದುಕೊಂಡಿದ್ದರು, ಇವತ್ತಿಗೂ ಅಲ್ಲಿ ನೋವಿದೆ ಅಂತ ನಾನು ಹೇಳಿಕೊಂಡು ತಿರುಗುತ್ತೇನೆ. ಅಕ್ಕ ಕ್ಲಚ್ ಒತ್ತಿದಳು, ಗೇರ್ ಹಾಕಿದಳು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಪಿಕಪ್ಪು ಒಂದಿಷ್ಟು ನಡುಗಿ, ಮೆಲ್ಲಗೆ, ತಾನಾಗಿ ಮನಸ್ಸು ಮಾಡಿದ ಹಾಗೆ ಮುಂದಕ್ಕೆ ಹರಿಯಿತು. ಎಂಟರ ಆಕಾರದಲ್ಲಿ ತಿರುಗಿತು, ದಿಣ್ಣೆಯ ಮೇಲೆ ನಿಂತು ಹಿಂದೆ ಜಾರದೆ ಹೊರಟಿತು, ಗೆರೆಯ ಒಳಗೆ ಹಿಮ್ಮುಖವಾಗಿ ಬಂದು ನಿಂತಿತು. ಸಾಹೇಬರು ಹಿಡಿಕೆ ಬಿಟ್ಟು ಕನ್ನಡಕ ಹಾಕಿಕೊಂಡರು. ನಾನು ಬೇಲಿಯ ಆಚೆ ಮಕ್ಕಳ ಹಾಗೆ ಕುಣಿದೆ, ನಾಚಿಕೆಯೇನೂ ಆಗಲಿಲ್ಲ.

ಭಾವ ಅಲ್ಲೇ ನಿಂತು ಟೈರಿನಂಗಡಿಯವನಿಗೆ ಫೋನು ಮಾಡಿ, "ಬೀಗದ ಕೈ ನಮಗೇ ಬೇಕಪ್ಪ" ಅಂದರು. ಫೋನು ಜೇಬಿಗೆ ಇಳಿಯುವ ಮೊದಲೇ ಮತ್ತೆ ಬಡಿದುಕೊಂಡಿತು. ದೂರದ ರಸ್ತೆಯಲ್ಲಿ ತರಕಾರಿ ವ್ಯಾನೊಂದು ನಿಂತುಬಿಟ್ಟಿದೆ, ಕ್ಲಚ್ ಪೆಡಲ್ ಮೇಲೆ ಬರುತ್ತಿಲ್ಲ, ಬರುತ್ತೀರಾ? ಭಾವನ ಬಾಯಲ್ಲಿ "ಆಗಲ್ಲಪ್ಪ" ಅರ್ಧ ಬಂದಿತ್ತು. ಅಕ್ಕ ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿದ್ದಳು. "ಬರ್ತೀವಿ," ಅಂದರು ಭಾವ.

ಮೂವರೂ ಮುಂದೆಯೇ ಒತ್ತಿಕೊಂಡು ಕೂತೆವು. ಅಕ್ಕ ಹಾರನ್ನನ್ನು ಬೇಕಿದ್ದಲ್ಲೂ ಬೇಡದಿದ್ದಲ್ಲೂ ಹೊಡೆದಳು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ನಮಗೆ ಸ್ವರ್ಗಕ್ಕೆ ಮೂರೇ ಗೇಣು. ವ್ಯಾನಿನವನು ರಸ್ತೆಯಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕೋಟಿನ ತೋಳು ಮಡಚಿದ ಒಬ್ಬಳು, ಕೊರಳಲ್ಲಿ ಅಳತೆ ಟೇಪು ಜೋತಾಡುವ ಇನ್ನೊಬ್ಬಳು, ಕಪ್ಪು ಕನ್ನಡಕದ ಮುದುಕರು. ಮೂವರನ್ನೂ ನೋಡಿ, "ಮೆಕ್ಯಾನಿಕ್ ಎಲ್ಲಿ?" ಅಂದ.

ಅಕ್ಕ ಅಭ್ಯಾಸದಂತೆ ಭಾವನ ಕಡೆ ತಿರುಗಿದಳು. ಭಾವ ಇಳಿದರು. ತಡವುತ್ತಾ ವ್ಯಾನಿನ ಹತ್ತಿರ ಹೋಗಿ, ಬಾಗಿಲು ತೆಗೆದು, ಡ್ರೈವರ್ ಸೀಟಿನಲ್ಲಿ ಕೂತು ಕಾಲು ಚಾಚಿ ಸರಿಮಾಡಿಕೊಂಡರು.

"ಮೆಕ್ಯಾನಿಕ್ ಇವಳಪ್ಪ," ಅಂದರು. "ನಾನು ಪೆಡಲ್ ಒತ್ತೋನು."

ಅಕ್ಕನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಏನೇ ನೋಡ್ತಿದೀಯ?" ಅಂದಳು, ರಸ್ತೆಯ ಮೇಲೆ ಗೋಣಿತಾಟು ಹಾಸುತ್ತಾ. "ಆ ರಿಂಗ್ ಸ್ಪ್ಯಾನರ್ ಕೊಡು ಇಲ್ಲಿ."